ಕಾಫಿಗೆ ಬೆನ್ನು ತೋರಿಸಬಾರದು

ಪುರಾಣಕಾಲದ ಹೆಂಡತಿಯರಲ್ಲಿ ಒಬ್ಬಾಕೆ ಚಿನ್ನದ ಜಿಂಕೆ ಬೇಕೆಂದಳು. ಇನ್ನೊಬ್ಬಾಕೆ ಎಲ್ಲೋ ದೂರದ ಕೊಳದ ಹೂವೇ ಬೇಕೆಂದಳು. ಸಿದ್ದಾಪುರದ ಸೀಮೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಕರಿಬಸಪ್ಪನವರ ಹೆಂಡತಿ ರುದ್ರಮ್ಮ ಬೇಕೆಂದದ್ದು ಹೆಂಚಿನ ಮನೆ. ಬಯಕೆ ಬೇರೆ ಬೇರೆಯಾದರೂ ಗಂಡಂದಿರ ಪಾಡು ಮಾತ್ರ ಯುಗಯುಗಕ್ಕೂ ಒಂದೇ: ಓಡು, ಓಡುತ್ತಲೇ ಇರು.

ಆ ಹೆಂಚಿನ ಮನೆ ಎಲ್ಲೋ ಏಳು ಸಮುದ್ರದಾಚೆ ಇರಲಿಲ್ಲ. ಕಾಫಿ ಒಣಗಿಸುವ ಕಣದ ಒಂದು ಬದಿಗೆ ಆಫೀಸು, ಇನ್ನೊಂದು ಬದಿಗೆ ಆ ಮನೆ. ಮಂಗಳೂರು ಹೆಂಚು, ಸುಣ್ಣದ ಗೋಡೆ, ಕಾಲು ನೀಡಿ ಕೂರಲು ಉದ್ದನೆಯ ಜಗಲಿ. ಹೆಡ್ ರೈಟರಿಗೆಂದೇ ಕಟ್ಟಿಸಿದ್ದು. ಹಳೆಯ ಹೆಡ್ ರೈಟರು ಕೆಲಸ ಬಿಟ್ಟು ಊರಿಗೆ ಹೋದಮೇಲೆ ಅದಕ್ಕೆ ಬೀಗ ಬಿದ್ದಿತ್ತು. ಕರಿಬಸಪ್ಪನವರು ಬರೀ ರೈಟರು. ಆದ್ದರಿಂದ ಅವರಿಗೆ ಆಳುಗಳ ಸಾಲುಮನೆಗಳ, ಅಂದರೆ ಲೈನಿನ, ಪಕ್ಕದ ಹುಲ್ಲಿನ ಮನೆ. ಆ ಹುಲ್ಲಿನೊಳಗೆ ಇಲಿಗಳ ಸಂಸಾರ, ಚೇಳುಗಳ ಸಂಸಾರ, ಇಲಿಗೆಂದು ಬಂದು ಮನೆಮಗನಂತೆ ಉಳಿದುಬಿಟ್ಟ ಕೇರೆಹಾವು, ಎಲ್ಲರೂ ಸುಖವಾಗಿದ್ದರು. ಕೆಳಗಿದ್ದ ಸಂಸಾರವೊಂದಕ್ಕೇ ಸುಖವಿರಲಿಲ್ಲ.

ಹೀಗಿರಲಾಗಿ ಒಂದು ದಿನ ಎಸ್ಟೇಟಿನ ದೊರೆ, ಅಂದರೆ ಆಳುಗಳು ಮೀಸೆ ದೊರೆ ಎಂದು ಕರೆಯುತ್ತಿದ್ದ ಬಿಳಿಯ ಸಾಹೇಬರು, ಕರಿಬಸಪ್ಪನವರನ್ನು ಕರೆಸಿದರು.

"ಕರಿಬಸ್ಸಾಪ್ಪಾ, ನಾಳೆ ಹೊಸ ರೈಟರ್ ಬರ್ತಾನೆ. ನೀನು ಎಲ್ಲಾ ಕಲಿಸು. ಈ ಕೊಯ್ಲಲ್ಲೇ ಕಂಪನಿಯ ದೊಡ್ಡ ದೊರೆ ನೋಡೋಕೆ ಬರ್ತಾರೆ. ಹೊಸಬ ಚೆನ್ನಾಗಿ ಕಲಿತಿದ್ದರೆ, ನೀನು ಹೆಡ್ ರೈಟರ್. ಹೆಂಚಿನ ಮನೆ."

ಸುದ್ದಿ ಕೇಳಿದ ರುದ್ರಮ್ಮ ಒಲೆಯ ಮೇಲಿದ್ದದ್ದನ್ನು ಅಲ್ಲೇ ಬಿಟ್ಟು ಸೋಮವಾರಪೇಟೆಯ ಕಡೆ ಹೊರಟಿದ್ದ ಗಾಡಿಯವನ ಕೈಲಿ ನಾದಿನಿ ಗಂಗಮ್ಮನಿಗೆ ಹೇಳಿಕಳಿಸಿದಳು: "ಹೆಂಚಿನ ಮನೇಲಿ ಹಾಲುಕ್ಕಿಸ್ತೀವಿ. ಬರೋದಾದ್ರೆ ಬರಲಿ. ಹೊಟ್ಟೆ ಉರ್ಕೊಳ್ಳೋದಾದ್ರೂ ಬರಲಿ."

ಕರಿಬಸಪ್ಪನವರಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಲಿಂಗಪೂಜೆ ಮುಗಿಸಿ, ಬಿಳಿ ಪಂಚೆಯುಟ್ಟು, ಕರಿ ಕೋಟು ತೊಟ್ಟು, ರುಮಾಲು ಸುತ್ತಿ, ಆಫೀಸಿಗೆ ಹೋಗುವ ಮುನ್ನ ತಮ್ಮ ಭಾವೀ ಅರಮನೆಯ ಜಗಲಿಯ ಮೇಲೆ ಒಂದು ಗಳಿಗೆ ಕೂತು ನೋಡೋಣವೆಂದು ಹೊರಟರು. ಗೇಟಿಗೆ ಬೀಗ. ಬೇಲಿಗೆ ಮುಳ್ಳುತಂತಿ. ವಯಸ್ಸು ಬೇಡವೆಂದಿತು, ಆಸೆ ಹಾರು ಎಂದಿತು. ಕರಿಬಸಪ್ಪನವರು ಹಾರಿದರು. ಅವರು ಬೇಲಿಯ ಆಚೆ ಬಿದ್ದರು. ಪಂಚೆಯ ಹಿಂಬದಿಯ ಅಂಗೈ ಅಗಲದ ತುಂಡು ಮಾತ್ರ ತಂತಿಯ ಮೇಲೆ ನಿಂತು ಬಾವುಟದಂತೆ ಹಾರಾಡಿತು. ಕೋಟೋ, ಸೊಂಟದಿಂದ ಕೆಳಗಿನ ವಿಚಾರಕ್ಕೆ ತಲೆಹಾಕದ ಗಿಡ್ಡ ಕೋಟು.

ಇಂಥ ಹೊತ್ತಿಗೇ ಲೋಕದಲ್ಲಿ ನೆಂಟರೂ ಶಿಷ್ಯರೂ ಬರುವುದು.

"ಶರಣು ಸ್ವಾಮಿ! ಕರಿಬಸಪ್ಪನವರು ತಾವೇ ಅಲ್ವೇ?"

ಬೇಲಿಯ ಹೊರಗೆ ತಗಡಿನ ಪೆಟ್ಟಿಗೆ ಹಿಡಿದು, ಹಣೆತುಂಬ ವಿಭೂತಿ ಬಳಿದ ಒಬ್ಬ ಯುವಕ ನಿಂತಿದ್ದ. ಹೆಸರು ಶಿವಶಂಕರಪ್ಪ, ಶನಿವಾರಸಂತೆಯ ಕಡೆಯವನು. ಮಠದಲ್ಲಿ ಅನ್ನ ಉಂಡು, ಸಂಜೆ ಸಂಜೆ ಪುರಾಣ ಕೇಳಿ ಬೆಳೆದ ಜೀವ. ಹಿರಿಯರು ಏನು ಹೇಳಿದರೂ ಕಣ್ಣಿಗೊತ್ತಿಕೊಳ್ಳುವುದು ಅವನ ಹುಟ್ಟುಗುಣ. ಈಗಿನ ಕಾಲದಲ್ಲಿ ಇದಕ್ಕಿಂತ ಅಪಾಯದ ಗುಣ ಇನ್ನೊಂದಿಲ್ಲ.

ಕರಿಬಸಪ್ಪನವರು ಬೆನ್ನನ್ನು ಗೋಡೆಗೆ ಒರಗಿಸಿಕೊಂಡೇ ಸರಿದು, ಬೇಲಿ ಸಡಿಲವಿದ್ದ ಕಡೆ ಏಡಿಯಂತೆ ನುಸುಳಿ ಹೊರಬಂದರು. ಮುಂದೆ ಕಣ. ಕಣ ದಾಟಿದರೆ ಆಫೀಸು, ಅಲ್ಲಿ ಕುರ್ಚಿ, ಕುರ್ಚಿಯಲ್ಲಿ ಕೂತರೆ ಮಾನ ಉಳಿದಂತೆ. ಆದರೆ ಮನೆಯ ಬದಿಗೇ ಹರಡಿದ್ದ ಕಾಫಿ ಹಣ್ಣಿನ ಮುಂದೆ ಲೈನಿನ ಆಳು ಮುತ್ತಿ ಮತ್ತು ಅವಳ ಜೊತೆಯ ಹೆಂಗಸರು ಕೂತು ಹಣ್ಣು ಆರಿಸುತ್ತಿದ್ದಾರೆ. ಮುತ್ತಿಯ ಬಾಯಿಗೆ ಮೀಸೆ ದೊರೆಯ ಕುದುರೆಯೂ ಹೆದರುತ್ತಿತ್ತು. ಕರಿಬಸಪ್ಪನವರು ಶಿವನನ್ನು ನೆನೆದು, ಅವರೆಲ್ಲರ ಕಡೆಗೆ ಮುಖ ಮಾಡಿ, ಗಂಭೀರವಾಗಿ, ಒಂದೊಂದೇ ಹೆಜ್ಜೆ ಹಿಂದಿಡುತ್ತಾ ಕಣ ದಾಟತೊಡಗಿದರು. ಹೊಸಬ ಬೆರಗಾಗಿ ಹಿಂಬಾಲಿಸಿದ.

"ಸ್ವಾಮಿ, ತಾವು ಯಾಕೆ ಹಿಂದಕ್ಕೆ ಹಿಂದಕ್ಕೆ ನಡೀತಿದ್ದೀರಿ?"

'ಪಂಚೆ ಹರಿದಿದೆಯಪ್ಪ' ಎಂದು ಎರಡು ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಕಲಿಸಬೇಕಾದವನು ಮೊದಲ ಗಳಿಗೆಯಲ್ಲೇ ತನ್ನ ಹರಕು ತೋರಿಸುವುದುಂಟೆ?

"ಕಾಫಿಗೆ ಬೆನ್ನು ತೋರಿಸಬಾರದು," ಎಂದರು ಕರಿಬಸಪ್ಪನವರು. "ಇಲ್ಲಿನ ಪದ್ಧತಿ."

"ತೋರಿಸಿದ್ರೆ?"

"ಕಾಫಿ ಮುನಿಸ್ಕೊಳ್ತದೆ."

"ಮುನಿಸ್ಕೊಂಡ್ರೆ?"

"ಲಂಡನ್ನಿಗೆ ಹೋದಮೇಲೆ ಕಹಿಯಾಗ್ತದೆ!"

ಶಿವಶಂಕರಪ್ಪ ಪೆಟ್ಟಿಗೆ ಕೆಳಗಿಟ್ಟ. ಒಣಗುತ್ತಿದ್ದ ಹಣ್ಣಿಗೆ ಬಗ್ಗಿ ಕೈಮುಗಿದ. ಅದುವರೆಗೆ ನಡೆದುಬಂದ ದಾರಿಯಲ್ಲಿ ಎಷ್ಟು ಕಾಫಿಗೆ ಬೆನ್ನು ತೋರಿಸಿದ್ದೆನೋ ಎಂದು ಗಲ್ಲ ಗಲ್ಲ ಬಡಿದುಕೊಂಡ.

ಆಫೀಸಿನ ಕುರ್ಚಿಯಲ್ಲಿ ಕೂತಮೇಲೆ ಕರಿಬಸಪ್ಪನವರು ಅದನ್ನು ಮರೆತರು. ಮರೆಯದಿದ್ದವನು ಶಿಷ್ಯ. ಮರುದಿನದಿಂದ ಅವನು ಕಣದಲ್ಲಿ ಹಿಮ್ಮುಖವಾಗಿಯೇ ನಡೆದ. ಮೇಸ್ತ್ರಿ ನಿಂಗ ನೋಡಿ, "ಎಂತ ಅಯ್ಯ ಇದು, ಕಾಲು ಉಲ್ಟಾ ಕಟ್ಟಿಕೊಂಡಿದ್ದೀರಾ?" ಎಂದದ್ದಕ್ಕೆ ಪದ್ಧತಿಯನ್ನು ವಿವರಿಸಿದ. ನಿಂಗ ಅದನ್ನು ಲೈನಿನಲ್ಲಿ ಹೇಳಿದ. ಮಾತು ಹೊಳೆಯ ಹಾಗೆ. ಮೇಲಿನಿಂದ ಹೊರಟಾಗ ಅಂಗೈಯಷ್ಟು, ಕೆಳಗೆ ಬಂದಾಗ ದೋಣಿ ಬೇಕು. ಲೈನಿನ ಕೊನೆಯ ಮನೆ ಮುಟ್ಟುವ ಹೊತ್ತಿಗೆ, ಕಾಫಿಗೆ ಬೆನ್ನು ತೋರಿಸಿದವನ ಬೆನ್ನು ಗೂನಾಗುತ್ತದೆ, ಹಸು ಹಾಲು ಕೊಡುವುದಿಲ್ಲ, ಹೆಂಡತಿ ತವರಿಗೆ ಹೋದವಳು ಬರುವುದಿಲ್ಲ ಎಂಬಲ್ಲಿಗೆ ಬಂದಿತ್ತು. ಕೊನೆಯದನ್ನು ಕೇಳಿ ಒಬ್ಬಿಬ್ಬರು ಗಂಡಸರು ಬೇಕೆಂದೇ ಬೆನ್ನು ತೋರಿಸಿ ನೋಡಿದರಂತೆ, ಫಲ ಸಿಗಲಿಲ್ಲ.

ವಾರ ಕಳೆಯುವುದರೊಳಗೆ ಇಡೀ ಎಸ್ಟೇಟು ಹಿಂದಕ್ಕೆ ನಡೆಯುತ್ತಿತ್ತು. ಹೆಂಗಸರು ತಲೆಯ ಮೇಲೆ ಕುಕ್ಕೆ ಹೊತ್ತು ಹಿಂದಕ್ಕೆ. ಗಂಡಸರು ಚೀಲ ಹೊತ್ತು ಹಿಂದಕ್ಕೆ. ಇತ್ತಲಿಂದ ಹಿಂದಕ್ಕೆ ಹೊರಟವರು ಅತ್ತಲಿಂದ ಹಿಂದಕ್ಕೆ ಬಂದವರಿಗೆ ನಡುಗಣದಲ್ಲಿ ಢಿಕ್ಕಿ ಹೊಡೆದು, ಹಣ್ಣಿನ ರಾಶಿಯೊಳಗೆ ಕೂತು, ಬಿದ್ದದ್ದೂ ಕಾಫಿಗೆ ಬೆನ್ನು ತೋರಿಸಿದ ಲೆಕ್ಕವೇ ಎಂದು ಚರ್ಚಿಸುತ್ತಿದ್ದರು. ಆ ಚರ್ಚೆಗೆ ಶಿವಶಂಕರಪ್ಪನೇ ತೀರ್ಪು ಕೊಡುವವನು.

ಎಲ್ಲರಿಗಿಂತ ಹೆಚ್ಚು ಪಡಿಪಾಟಲು ಕರಿಬಸಪ್ಪನವರದು. ಪದ್ಧತಿ ಹೇಳಿದವರೇ ಮುರಿಯುವಂತಿಲ್ಲ. ದಿನವೂ ಹಿಂದೆ ನಡೆದು, ಹೆಗಲ ಮೇಲಿಂದ ಹೊರಳಿ ನೋಡಿ ನೋಡಿ ಕತ್ತು ಹಿಡಿದುಕೊಂಡು, ಅವರು ಸದಾ ಬಲಗಡೆಯಲ್ಲಿ ಯಾರೋ ಕರೆದಂತೆ ಕಾಣುತ್ತಿದ್ದರು. ರುದ್ರಮ್ಮ ಎಣ್ಣೆ ತಿಕ್ಕುತ್ತಾ, "ಏನ್ರೀ, ಹೊಸಬನಿಗೆ ಕಲಿಸಿ ಅಂದ್ರೆ ನೀವೇ ಹೊಸದಾಗಿ ನಡೆಯೋಕೆ ಕಲೀತಿದ್ದೀರಲ್ಲ! ಹೆಂಚಿನ ಮನೆಗೆ ಹೋಗೋವಾಗಲಾದ್ರೂ ಮುಂದಕ್ಕೆ ನಡೀರಪ್ಪ, ಗಂಗಮ್ಮ ನಗ್ತಾಳೆ," ಎಂದಳು.

ಪಕ್ಕದ ತೋಟದ ಕುಶಾಲಪ್ಪನವರು ಒಂದು ದಿನ ಕೋವಿ ಹೆಗಲಿಗೇರಿಸಿ, ನಾಯಿ ಎಳೆದುಕೊಂಡು ಬಂದರು. ಕಾಡುಹಂದಿಯ ಬೇಟೆಯಲ್ಲಿ ಅವರನ್ನು ಮೀರಿಸಿದವರು ಆ ನಾಡಿನಲ್ಲಿರಲಿಲ್ಲ.

"ಎಂತ ಮಾರಾಯ ಕರಿಬಸಪ್ಪ ಇದು? ನಿನ್ನೆ ನನ್ನ ತೋಟದಿಂದ ಒಬ್ಬ ಬಾಳೆಗೊನೆ ಕದ್ದ. ಹೆಜ್ಜೆ ಹಿಡಿದು ಬಂದೆ. ನಿಮ್ಮ ಕಣದ ಮಣ್ಣಲ್ಲಿ ನೋಡಿದರೆ ಎಲ್ಲಾ ಹೆಜ್ಜೆಗಳೂ ಹೊರಗಿನಿಂದ ಬಂದವು. ಹೊರಗೆ ಹೋದವನು ಒಬ್ಬನೂ ಇಲ್ಲ! ಹಾಗಾದರೆ ಇಷ್ಟು ಜನ ಎಲ್ಲಿ ಹೋದರು? ಆಕಾಶಕ್ಕಾ?"

"ಅದು... ಹಾಗಲ್ಲ ಕುಶಾಲಪ್ಪನವರೇ..."

"ನೀನು ಸುಮ್ಮನಿರು. ನನ್ನ ನಾಯಿ ನೋಡು, ವಾಸನೆ ಹಿಡಿದು ಹಿಡಿದು ತಲೆ ತಿರುಗಿ ಮಲಗಿಬಿಟ್ಟಿದೆ. ಹುಲಿಗೆ ಹೆದರದ ನಾಯಿ! ಕಾಲು ಹಿಂದುಮುಂದು ಇರೋದು ದೆವ್ವಕ್ಕೆ ಮಾತ್ರ. ನಿಮ್ಮ ಲೈನಲ್ಲಿ ಜೀವ ಇರೋರು ಎಷ್ಟು ಜನ ಇದ್ದಾರೆ ಅಂತ ಒಮ್ಮೆ ನೋಡಿಸು."

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ, ಸರ್ಕಾರ ಬಂತು. ನಾಡಿನ ಕಂದಾಯ ನೋಡುವ ಪಾರುಪತ್ಯಗಾರ ಶಾಂತಪ್ಪನವರು ಯಾವುದೋ ವಿಚಾರಣೆಗೆಂದು ಕಣದ ಅಂಚಿಗೆ ಬಂದು, ಡವಾಲಿ ತೊಟ್ಟ ಜವಾನನ ಕೈಯಲ್ಲಿ ಕೊಡೆ ಹಿಡಿಸಿಕೊಂಡು ನಿಂತರು. ಕಣದಲ್ಲಿ ಕಾಫಿ ಹರಡಿತ್ತು. ಕೆಲಸದವರೆಲ್ಲ ಅಂಚಿನಲ್ಲೇ ನಿಂತಿದ್ದರು. ಸರ್ಕಾರದ ಕಡೆ ತಿರುಗಿದರೆ ಕಾಫಿಗೆ ಬೆನ್ನು. ಕಾಫಿಯ ಕಡೆ ನಿಂತರೆ ಸರ್ಕಾರಕ್ಕೆ ಬೆನ್ನು. ಧರ್ಮಸಂಕಟ ಬಂದಾಗ ಜನ ಗುರುವಿನ ಮಾತನ್ನೇ ಹಿಡಿಯುತ್ತಾರೆ. ಶಾಂತಪ್ಪನವರ ಮುಂದೆ ಬೆನ್ನುಗಳದೊಂದು ಗೋಡೆ ಎದ್ದಿತು.

"ಏಯ್! ಯಾರು ಮಾತಾಡ್ತಿರೋದು ಗೊತ್ತೇನ್ರೋ? ಈ ಕಡೆ ತಿರುಗ್ರೋ!"

"ಆಗೋದಿಲ್ಲ ಸ್ವಾಮಿ," ಎಂದಿತು ನಿಂಗನ ಬೆನ್ನು, ಬಹಳ ವಿನಯದಿಂದ.

"ಯಾಕೋ ಆಗೋದಿಲ್ಲ?"

"ಪದ್ಧತಿ," ಎಂದವು ಬೆನ್ನುಗಳೆಲ್ಲ ಒಟ್ಟಿಗೆ.

ಶಾಂತಪ್ಪನವರ ಮುಖ ಹಣ್ಣಾದ ಕಾಫಿಯ ಬಣ್ಣಕ್ಕೆ ತಿರುಗಿತು. ಆಗ ದೇಶದಲ್ಲೆಲ್ಲ ಅಸಹಕಾರದ ಗಾಳಿ. ಮಡಿಕೇರಿಯಿಂದ ಅವರಿಗೆ ಕಣ್ಣಿಟ್ಟಿರಿ, ಕಿವಿಯಿಟ್ಟಿರಿ ಎಂದು ಅಪ್ಪಣೆಯಾಗಿತ್ತು. ಬೆನ್ನಿನ ಅಸಹಕಾರವೊಂದು ಹುಟ್ಟಿಕೊಂಡೀತೆಂದು ಮಾತ್ರ ಯಾರೂ ಹೇಳಿರಲಿಲ್ಲ.

"ಗೊತ್ತಾಯ್ತು! ಇದು ಚಳವಳಿ! ದೊಡ್ಡ ದೊರೆಗಳು ಬಂದ ದಿನವೇ ಬರ್ತೀನಿ. ಇದನ್ನು ಹುಟ್ಟುಹಾಕಿದವನ ಕೈಗೆ ಅವರ ಮುಂದೆಯೇ ಬೇಡಿ ಹಾಕಿಸ್ತೀನಿ!"

ಆಫೀಸಿನ ಕಿಟಕಿಯ ಹಿಂದೆ ಕೂತು ಕೇಳುತ್ತಿದ್ದ ಕರಿಬಸಪ್ಪನವರಿಗೆ ಹೆಂಚಿನ ಮನೆಯ ಹೆಂಚುಗಳೆಲ್ಲ ಒಂದೊಂದಾಗಿ ಹಾರಿಹೋಗಿ, ಕೆಳಗೆ ಜೈಲಿನ ಕಂಬಿ ಕಂಡಂತಾಯಿತು. ಇನ್ನು ಮಾನ ನೋಡಿ ಪ್ರಯೋಜನವಿಲ್ಲವೆಂದು ಶಿಷ್ಯನನ್ನು ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದಕ್ಕೆ ಕರೆದೊಯ್ದರು.

"ನೋಡು ಶಿವಶಂಕರಪ್ಪ. ಪದ್ಧತಿಯೂ ಇಲ್ಲ, ಗಿದ್ಧತಿಯೂ ಇಲ್ಲ. ಅವತ್ತು ನನ್ನ ಪಂಚೆ ಹರಿದಿತ್ತು. ಹಿಂದೆ. ದೊಡ್ಡದಾಗಿ. ಅದಕ್ಕೇ ಹಾಗೆ ನಡೆದೆ."

ಶಿವಶಂಕರಪ್ಪನ ಕಣ್ಣಲ್ಲಿ ದಳದಳ ನೀರು ಬಂತು.

"ತಿಳೀತು ಗುರುಗಳೇ, ತಿಳೀತು! ಸರ್ಕಾರದ ಭಯ ಬಂದಾಗ ಶಿಷ್ಯ ಪದ್ಧತಿ ಬಿಡ್ತಾನೋ ಇಲ್ಲವೋ ಅಂತ ಪರೀಕ್ಷೆ ಮಾಡ್ತಿದ್ದೀರಿ! ನಮ್ಮೆಲ್ಲರ ಮಾನ ಉಳಿಸೋಕೆ ಇಲ್ಲದ ಹರಕನ್ನ ಮೈಮೇಲೆ ಹಾಕ್ಕೊಂಡ್ರಲ್ಲ, ಎಂಥಾ ತ್ಯಾಗ!" ಎಂದು ಅಲ್ಲೇ ಸಿಪ್ಪೆಯ ಮೇಲೆ ಉದ್ದಂಡ ಬಿದ್ದ.

ಕರಿಬಸಪ್ಪನವರು ಅವನನ್ನು ಅಲ್ಲಿಯೇ ಬಿಟ್ಟು ಮುತ್ತಿಯ ಬಳಿಗೆ ಓಡಿದರು. ಅವಳಾದರೂ ಬುದ್ಧಿವಂತೆ.

"ಮುತ್ತಿ, ನಿಜ ಹೇಳ್ತೀನಿ ಕೇಳು. ಅವತ್ತು ನನ್ನ ಪಂಚೆ..."

"ಹರಿದಿತ್ತು. ಗೊತ್ತಲ್ಲ ರೈಟರಯ್ಯ," ಎಂದಳು ಮುತ್ತಿ ಎಲೆಗೆ ಸುಣ್ಣ ಹಚ್ಚುತ್ತಾ. "ನೀವು ಬೇಲಿ ಹಾರೋವಾಗಲೇ ನಾವೆಲ್ಲ ನೋಡಿದ್ವಿ. ನಗು ತಡೆದು ತಡೆದು ನನ್ನ ಪಕ್ಕ ಕೂತಿದ್ದ ದೊಡ್ಡಿಗೆ ಬಿಕ್ಕಳಿಕೆ ಬಂತು, ಪಾಪ."

"ಮತ್ತೆ ಗೊತ್ತಿದ್ದೂ ಯಾಕೆ ಹಿಂದಕ್ಕೆ ನಡೀತೀರಿ?"

"ಹರಿದ ಪಂಚೆ ಬೇರೆ, ಪದ್ಧತಿ ಬೇರೆ ಅಯ್ಯ. ಮುಂದಕ್ಕೆ ನಡೆದ್ರೆ ಮೇಸ್ತ್ರಿ 'ಬೇಗ ನಡಿ, ಬೇಗ ನಡಿ' ಅಂತ ಬಾಯಿ ಮಾಡ್ತಾನೆ. ಹಿಂದಕ್ಕೆ ನಡೆಯೋರಿಗೆ ಬೇಗ ನಡಿ ಅನ್ನೋಕೆ ಯಾರಿಗಾದ್ರೂ ಬಾಯಿ ಬರ್ತದಾ? ಇಷ್ಟು ವರ್ಷಕ್ಕೆ ಒಂದು ಒಳ್ಳೆ ಪದ್ಧತಿ ತಂದ್ರಿ ನೀವು. ಈಗ ಕಿತ್ಕೊಳ್ಳೋಕೆ ಬರಬೇಡಿ!"

ಸತ್ಯವನ್ನು ಒಬ್ಬ ನಂಬಲಿಲ್ಲ, ಇನ್ನೊಬ್ಬಳಿಗೆ ಅದು ಬೇಕಾಗಿರಲಿಲ್ಲ. ಇಂಥ ಹೊತ್ತಿನಲ್ಲಿ ಸತ್ಯವಂತರು ಮಾಡುವುದನ್ನೇ ಕರಿಬಸಪ್ಪನವರೂ ಮಾಡಿದರು: ಜ್ವರ ಬಂದು ಮಲಗಿದರು. ಆದರೆ ದೊಡ್ಡ ದೊರೆ ಬಂದ ದಿನ ಮೀಸೆ ದೊರೆಯೇ ಆಳು ಕಳಿಸಿ ಎಬ್ಬಿಸಿಕೊಂಡು ಹೋದರು. ರುದ್ರಮ್ಮ ಅಷ್ಟರಲ್ಲಿ ಕೀಲಿಕೈ ತರಿಸಿ, ಹೆಂಚಿನ ಮನೆಯಲ್ಲಿ ಗಂಗಮ್ಮನ ಕಣ್ಣೆದುರೇ ಹಾಲುಕ್ಕಿಸಿಯೂ ಆಗಿತ್ತು. ಅಪ್ಪಣೆ ಆಮೇಲೆ ಬರುತ್ತದೆ, ಹಾಲು ಕಾಯುವುದಿಲ್ಲ ಎಂಬುದು ಅವಳ ವಾದ.

ಕಣದ ಬಳಿ ದೊಡ್ಡ ದೊರೆ ಬೆತ್ತ ಊರಿ ನಿಂತಿದ್ದರು. ಬೆಳ್ಳಿಯ ಗಡ್ಡ, ಎತ್ತರದ ನಿಲುವು. ಪಕ್ಕದಲ್ಲಿ ಶಾಂತಪ್ಪನವರು. ಹಿಂದೆ ಡವಾಲಿಯವನು, ಅವನ ಕೈಯಲ್ಲಿ ಬೇಡಿ. ಶಿವಶಂಕರಪ್ಪ ಸನ್ನೆ ಮಾಡಿದ. ಇಡೀ ಎಸ್ಟೇಟು ಕಾಫಿಯ ರಾಶಿಗೆ ಬಗ್ಗಿ ಕೈಮುಗಿದು, ಸಾಲಾಗಿ, ಮೆಲ್ಲಮೆಲ್ಲಗೆ ಹಿಂದಕ್ಕೆ ಸರಿಯಿತು. ಮುತ್ತಿಯ ಸಾಲು ಎಲ್ಲರಿಗಿಂತ ಮೆಲ್ಲಗೆ.

"ನೋಡಿದಿರಾ ಮಹಾಸ್ವಾಮಿ!" ಎಂದರು ಶಾಂತಪ್ಪನವರು. "ಇದೇ ಆ ಚಳವಳಿ!"

ದೊಡ್ಡ ದೊರೆ ಟೋಪಿ ತೆಗೆದರು. ಅವರ ಕಣ್ಣು ಒದ್ದೆಯಾಗಿತ್ತು. ಅವರು ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದ್ದನ್ನು ಮೀಸೆ ದೊರೆ ಕನ್ನಡಕ್ಕಿಳಿಸಿದರು:

"ದೊಡ್ಡ ದೊರೆ ಹೇಳ್ತಾರೆ, ಅವರು ಸಣ್ಣವರಿದ್ದಾಗ ಒಮ್ಮೆ ಲಂಡನ್ನಲ್ಲಿ ರಾಜರ ಅರಮನೆಗೆ ಹೋಗಿದ್ದರು. ಅಲ್ಲಿ ರಾಜರಿಗೆ ಯಾರೂ ಬೆನ್ನು ತೋರಿಸೋದಿಲ್ಲ. ಹಿಂಗೇ, ಹಿಂದೆ ನಡೀತಾರೆ. ಈ ಕಾಡಿನಲ್ಲಿ, ನಮ್ಮ ಕಂಪನಿಯ ಕಾಫಿಗೆ, ಆ ಮರ್ಯಾದೆ! ಅವರಿಗೆ ಅಳು ಬರ್ತಿದೆ."

ಶಾಂತಪ್ಪನವರು ಅನುಭವಸ್ಥರು. ಗಾಳಿ ತಿರುಗಿದ್ದು ಗೊತ್ತಾದೊಡನೆ ತಾವೂ ತಿರುಗಿದರು. ರುಮಾಲು ಸರಿಮಾಡಿಕೊಂಡು, ಕಾಫಿಗೆ ಕೈಮುಗಿದು, ಎಲ್ಲರಿಗಿಂತ ರಭಸದಿಂದ ಹಿಂದಕ್ಕೆ ನಡೆದರು. ನಡೆದು, ನಡೆದು, ಹಣ್ಣು ತೊಳೆಯುವ ತೊಟ್ಟಿಯೊಳಗೆ ಅಂಗಾತ ಬಿದ್ದರು. ಬಿದ್ದಾಗಲೂ ಮುಖ ಕಾಫಿಯ ಕಡೆಗೇ ಇತ್ತೆಂದು ಶಿವಶಂಕರಪ್ಪ ಮೆಚ್ಚಿ ತಲೆದೂಗಿದ.

"ಇದನ್ನೆಲ್ಲ ಕಲಿಸಿದ್ದು ಯಾರು?" ಎಂದು ಕೇಳಿಸಿದರು ದೊಡ್ಡ ದೊರೆ.

"ನಮ್ಮ ಗುರುಗಳು!" ಎಂದ ಶಿಷ್ಯ. ಎಲ್ಲರೂ ಕೈತೋರಿದರು. ಕರಿಬಸಪ್ಪನವರು ಹಿಡಿದ ಕತ್ತಿನಲ್ಲೇ ನಮಸ್ಕಾರ ಮಾಡಿದರು. ಬದುಕಿದೆನೆಂದುಕೊಂಡರು. ಜಗಲಿಯ ಮೇಲೆ ರುದ್ರಮ್ಮ ಗಂಗಮ್ಮನನ್ನು ಮೊಣಕೈಯಿಂದ ತಿವಿದಳು.

ಆಮೇಲೆ ಮೀಸೆ ದೊರೆ ತೀರ್ಪು ಓದಿದಂತೆ ಹೇಳಿದರು: "ಕರಿಬಸ್ಸಾಪ್ಪಾ, ಇಷ್ಟು ಚೆನ್ನಾಗಿ ಕಲಿಸೋನು ಒಂದೇ ಎಸ್ಟೇಟಲ್ಲಿ ಇರಬಾರದು ಅಂತ ದೊಡ್ಡ ದೊರೆ ಹೇಳ್ತಾರೆ. ಇನ್ನುಮೇಲೆ ನೀನು ಕಂಪನಿಯ ಎಲ್ಲಾ ಎಸ್ಟೇಟಿಗೂ ಹೋಗಿ ಹೊಸ ರೈಟರುಗಳಿಗೆ ಕಲಿಸು. ಮೊದಲು ಕಕ್ಕಬೆ. ತಿರುಗೋನಿಗೆ ಮನೆ ಬೇಡ. ಆದ್ದರಿಂದ ಇಲ್ಲಿ ಹೆಡ್ ರೈಟರು, ನೀನು ತಯಾರು ಮಾಡಿದ ಶಿವಶಂಕರಪ್ಪ. ಹೆಂಚಿನ ಮನೆ ಅವನಿಗೆ."

ಚೆನ್ನಾಗಿ ಕಲಿಸಿದವನಿಗೆ ಸಿಗುವ ಬಹುಮಾನ ಇನ್ನಷ್ಟು ಕಲಿಸುವ ಕೆಲಸ. ಕಲಿತವನಿಗೆ ಸಿಗುವುದು ಮನೆ. ಇದೂ ಯುಗಯುಗದ ನ್ಯಾಯವೇ.

ಮಾತು ಕಿವಿಗೆ ಬಿದ್ದದ್ದೇ ತಡ, ರುದ್ರಮ್ಮ ಹೊಸಿಲ ಮೇಲೆ ಕೂತಳು. "ಹಾಲುಕ್ಕಿಸಿದ ಮನೆ ಬಿಟ್ಟು ನಾನು ಏಳೋದಿಲ್ಲ. ಏಳಿಸೋ ದೊರೆ ಯಾರು ಬರ್ತಾನೋ ಬರಲಿ." ಯಾವ ದೊರೆಯೂ ಬರಲಿಲ್ಲ. ಶಿವಶಂಕರಪ್ಪ ಬಂದು, "ಅಮ್ಮಾ, ತಾವಿರುವಾಗ ನಾನು ಒಳಗೆ ಕಾಲಿಡ್ತೀನಾ? ಮನೆ ತಮ್ಮದು. ನನಗೆ ಹಿಂದಿನ ಕೋಣೆ, ಎರಡು ರೊಟ್ಟಿ ಸಾಕು," ಎಂದ.

ಹೀಗೆ ರುದ್ರಮ್ಮನಿಗೆ ಹೆಂಚಿನ ಮನೆ ಸಿಕ್ಕಿತು, ಶಿಷ್ಯನಿಗೆ ರೊಟ್ಟಿ ಸಿಕ್ಕಿತು, ಕರಿಬಸಪ್ಪನವರಿಗೆ ಎತ್ತಿನ ಗಾಡಿ ಸಿಕ್ಕಿತು.

ಕಕ್ಕಬೆಯ ಎಸ್ಟೇಟು ದೊಡ್ಡ ಬೆಟ್ಟದ ಬುಡದಲ್ಲಿತ್ತು. ಮೊದಲಿಗಿಂತ ಹಳೆಯ ಹುಲ್ಲಿನ ಮನೆ, ಮೊದಲಿಗಿಂತ ಎಳೆಯ ಶಿಷ್ಯ. ಅವನ ಹೆಸರು ಅಪ್ಪಯ್ಯ. ದಾರಿಯುದ್ದಕ್ಕೂ ಕರಿಬಸಪ್ಪನವರು ಒಂದೇ ಸಂಕಲ್ಪ ಮಾಡಿಕೊಂಡು ಬಂದಿದ್ದರು: ಇನ್ನು ಯಾರು ಏನು ಕೇಳಿದರೂ ಕಾರಣ ಹುಟ್ಟಿಸಕೂಡದು.

"ಅಯ್ಯ, ನೀವು ಕತ್ತು ಯಾಕೆ ಬಲಕ್ಕೆ ಇಟ್ಟುಕೊಳ್ಳೋದು?" ಎಂದ ಅಪ್ಪಯ್ಯ.

ಕರಿಬಸಪ್ಪನವರು ಬೇಸತ್ತು ಕೈಮುಗಿದು, ಕಣ್ಣು ಮುಚ್ಚಿದರು. "ನನಗೆ ಗೊತ್ತಿಲ್ಲಪ್ಪ."

"ಹಣ್ಣನ್ನು ಮೊದಲು ಯಾವ ಕಡೆಯಿಂದ ಕೊಯ್ಯಿಸಬೇಕು?"

"ನನಗೆ ಗೊತ್ತಿಲ್ಲಪ್ಪ."

ಅಪ್ಪಯ್ಯ ಅವರನ್ನು ಬಹಳ ಹೊತ್ತು ನೋಡಿದ. ಇಷ್ಟು ದೊಡ್ಡವರು, ದೊಡ್ಡ ದೊರೆಯನ್ನೇ ಅಳಿಸಿದವರು, ಸುಮ್ಮನೆ ಹಾಗೆನ್ನುತ್ತಾರೆಯೇ?

ಸ್ವಲ್ಪ ದಿನ ಕಳೆದು ಕಕ್ಕಬೆಯ ದೊರೆ ಕಣಕ್ಕೆ ಬಂದು, ಇವತ್ತು ಹಣ್ಣು ಎಷ್ಟು ಬಂತೆಂದು ಕೇಳಿದರು. ಅಪ್ಪಯ್ಯ ಕೈಮುಗಿದು, ಕಣ್ಣು ಮುಚ್ಚಿ, "ನನಗೆ ಗೊತ್ತಿಲ್ಲ, ದೊರೆಗಳೇ," ಎಂದ. ಮೇಸ್ತ್ರಿಯನ್ನು ಕೇಳಿದರು, ಅವನೂ ಕಣ್ಣು ಮುಚ್ಚಿದ. ಕೊಯ್ಯುವ ಹೆಂಗಸರನ್ನು ನಿಮ್ಮ ಮೇಸ್ತ್ರಿ ಯಾರೆಂದರೂ ಅದೇ ಉತ್ತರ, ಇಂಪಾಗಿ, ಒಂದೇ ರಾಗದಲ್ಲಿ. ದೊರೆ ತಲೆ ಕೆಟ್ಟು ಬಂಗಲೆಗೆ ಹೋಗಿ, ಊಟಕ್ಕೇನು ಮಾಡಿದ್ದೀ ಎಂದು ಬಟ್ಲರನನ್ನು ಕೇಳಿದರು. ಬಟ್ಲರನು ಸೌಟು ಕೆಳಗಿಟ್ಟು ಕೈಮುಗಿದ.

ಅದೇ ಸಂಜೆ ಎತ್ತಿನ ಗಾಡಿ ಕರಿಬಸಪ್ಪನವರನ್ನು ಹೊತ್ತು ಸಿದ್ದಾಪುರದ ಕಡೆ ಹೊರಟಿತು. ಮೀಸೆ ದೊರೆ ಅವರನ್ನು ಮೇಲಿಂದ ಕೆಳಗೆ ನೋಡಿ, "ಇನ್ನು ನೀನು ಯಾರಿಗೂ ಏನೂ ಕಲಿಸಬೇಡ. ಶಿವಶಂಕರಪ್ಪನ ಕೈಕೆಳಗೆ ಬರೆದುಕೊಂಡಿರು," ಎಂದರು. ಕರಿಬಸಪ್ಪನವರಿಗೆ ಇಷ್ಟು ಸಿಹಿಯಾದ ಬೈಗುಳವನ್ನು ಜೀವಮಾನದಲ್ಲಿ ಯಾರೂ ಬೈದಿರಲಿಲ್ಲ. ಕೊನೆಗೂ ಹೆಂಚಿನ ಮನೆಯ ಹೊಸಿಲು ದಾಟಿದರು, ತಮ್ಮ ಶಿಷ್ಯನ ಮನೆಗೆ ನೆಂಟರ ಹಾಗೆ.

ಶಿವಶಂಕರಪ್ಪ ಕಾಲಿಗೆ ನೀರು ತಂದುಕೊಟ್ಟು, ಕೈಕಟ್ಟಿ ನಿಂತ. "ಗುರುಗಳೇ, ತಾವಿಲ್ಲದಾಗ ಒಂದು ಸಂದೇಹ ಬಂತು..."

ಕರಿಬಸಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ರುದ್ರಮ್ಮನ ದನಿ ಗುಡುಗಿತು:

"ಶಿವಶಂಕರಪ್ಪಾ! ಅವರನ್ನ ಏನೂ ಕೇಳಬೇಡ! ಏನಿದ್ರೂ ನನ್ನ ಕೇಳು!"

"ಯಾಕಮ್ಮ?"

"ಯಾಕೆ ಅಂತಾನೂ ಕೇಳಬೇಡ! ಕೇಳೋರಿಗೆ ರೊಟ್ಟಿ ಇಲ್ಲ!"

ಶಿವಶಂಕರಪ್ಪನ ಮುಖದಲ್ಲಿ ಮೆಲ್ಲಗೆ ಬೆಳಕು ಮೂಡಿತು. ಆ ಬೆಳಕನ್ನು ಕರಿಬಸಪ್ಪನವರು ಬಲ್ಲರು. ಎದ್ದು ಏನೋ ಹೇಳಹೊರಟವರು ಹಾಗೆಯೇ ಕೂತುಬಿಟ್ಟರು.

ಮರುದಿನ ಮೀಸೆ ದೊರೆ ಕಣಕ್ಕೆ ಬಂದು, ಹೊತ್ತು ಇಷ್ಟು ಏರಿದರೂ ಕಾಫಿ ಯಾಕೆ ಹರಡಿಲ್ಲವೆಂದು ಕೂಗಿದರು. ಇಡೀ ಎಸ್ಟೇಟು ಒಟ್ಟಿಗೆ ತುಟಿಯ ಮೇಲೆ ಬೆರಳಿಟ್ಟುಕೊಂಡಿತು.

"ಯಾಕೆ ಅಂತ ಕೇಳಬಾರದು ದೊರೆಗಳೇ," ಎಂದ ಶಿವಶಂಕರಪ್ಪ ಭಕ್ತಿಯಿಂದ. "ಕೇಳಿದವರಿಗೆ ಅನ್ನ ಹುಟ್ಟೋದಿಲ್ಲ."

ದೊರೆಯ ಮೀಸೆ ನಡುಗಿತು. "ಇದನ್ನ ಕಲಿಸಿದ್ದು ಯಾರು?"

ಜನರೆಲ್ಲ ಕೈ ಎತ್ತಿ ಹೆಂಚಿನ ಮನೆಯ ಅಡುಗೆಮನೆಯ ಕಡೆ ತೋರಿಸಿದರು. ಮೀಸೆ ದೊರೆ ದಾಪುಗಾಲು ಹಾಕುತ್ತಾ ಅತ್ತ ನಡೆದರು. ಒಳಗೆ ರುದ್ರಮ್ಮ ಸೆರಗು ಬಿಗಿದು ಸೌಟು ಎತ್ತಿಕೊಂಡಳು. ಕರಿಬಸಪ್ಪನವರು, ಈ ಸಲ ಕಕ್ಕಬೆಗೆ ಹೋಗುವವರು ದೊರೆಯೋ ರುದ್ರಮ್ಮನೋ ನೋಡಿಬಿಡೋಣವೆಂದು, ಜಗಲಿಯ ಮೇಲೆ ಹಾಯಾಗಿ ಕಾಲು ನೀಡಿ ಕುಳಿತರು.